ಹೂಂ ಕುರ್ಚಿ

ನಾನು ಯಾರ ಮೇಲೂ ಕೈ ಎತ್ತಿದವನಲ್ಲ. ಯಾರ ಬೇಲಿಯನ್ನೂ ಒತ್ತಿದವನಲ್ಲ. ಆಯುಷ್ಯವಿಡೀ ಮಕ್ಕಳಿಗೆ ಭೂಗೋಳ ಕಲಿಸಿದೆ, ಹೊತ್ತಿಗೆ ಸರಿಯಾಗಿ ಉಂಡೆ, ಮಲಗಿದೆ. ಆದರೂ ಒಂದು ಮಧ್ಯಾಹ್ನ ಕದ್ರಿಯ ಶಾಲೆಯೊಂದರ ಹಾಲಿನಲ್ಲಿ, ತುಂಬಿದ ಜನರ ಎದುರು, ಬೆತ್ತದ ಕುರ್ಚಿಯ ಮೇಲೆ ಬಾಯಿ ಮುಚ್ಚಿ ಕುಳಿತುಕೊಂಡು ಒಬ್ಬ ಹೆಂಗಸಿಗೆ ನಾನು ಮಾಡಿದ್ದು ಈಗಲೂ ನನ್ನನ್ನು ಬಿಟ್ಟಿಲ್ಲ. ಬಾಯಿ ಮುಚ್ಚಿ ಕುಳಿತದ್ದೇ ನಾನು ಮಾಡಿದ ಅನ್ಯಾಯ. ಅದು ಹೇಗೆ ಎಂದು ತಿಳಿಯಬೇಕಾದರೆ ನಮ್ಮ ಕಥಾಕೂಟದ ಸಂಗತಿ ಮೊದಲು ಹೇಳಬೇಕು.

ಐವತ್ತರ ದಶಕದ ನಡುವಿನಲ್ಲಿ ಬೋಳಾರದ ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ ನಾವು ಆದಿತ್ಯವಾರ ಸಂಜೆ ನಾಲ್ಕು ಗಂಟೆಗೆ ಸೇರುತ್ತಿದ್ದೆವು. ಅಂಗಡಿ ಒಬ್ಬರು ಬ್ಯಾರಿ ವ್ಯಾಪಾರಿಗಳದ್ದು. ನಾವೆಲ್ಲ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದೆವು. ಅವರ ಅಜ್ಜ ಪತ್ತೆಮಾರಿಯಲ್ಲಿ ಹೆಂಚು ತುಂಬಿಸಿಕೊಂಡು ಸಮುದ್ರದ ಮೇಲೆ ತಿರುಗಿದವರಂತೆ. ಆ ಅಜ್ಜನ ಕಥೆಗಳು ಸಾಹೇಬರ ಬಾಯಲ್ಲಿ ಪ್ರತಿ ಸಲವೂ ಸ್ವಲ್ಪ ಉದ್ದವಾಗುತ್ತಿದ್ದವು. ಉಳಿದವರಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದರು, ಕೊಂಕಣಿ ಮಾತಾಡುವ ಹೋಟೆಲಿನವರು ಇದ್ದರು, ಹೆಂಚಿನ ಕಾರ್ಖಾನೆಯ ಗುಮಾಸ್ತರಿದ್ದರು. ದೇವಸ್ಥಾನದ ಅರ್ಚಕರ ಮನೆಯಲ್ಲಿ ಹುಟ್ಟಿ ಪೂಜೆಗೆ ಒಗ್ಗದೆ ಮಾಷ್ಟ್ರಾದ ನಾನಿದ್ದೆ. ಕಿಟಕಿಯ ಬದಿಯ ಬೆಂಚು ಹೆಂಗಸರಿಗೆ. ಮನೆಯಲ್ಲಿ ಒಬ್ಬರದು ತುಳು, ಒಬ್ಬರದು ಕೊಂಕಣಿ, ಇನ್ನೊಬ್ಬರದು ಬ್ಯಾರಿ. ಮಾಳಿಗೆ ಹತ್ತಿದ ಮೇಲೆ ಎಲ್ಲರದೂ ಕನ್ನಡ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಹಾಗೆ ಕನ್ನಡ ಹಾಕಿಕೊಂಡು ಕುಳಿತುಕೊಳ್ಳುತ್ತಿದ್ದೆವು.

ಕಾಗದ ನೋಡಿ ಓದಬಾರದು, ಬಾಯಿಯಿಂದಲೇ ಹೇಳಬೇಕು ಎನ್ನುವುದು ನಮ್ಮ ಮೊದಲ ನಿಯಮ. ಎರಡನೆಯದು ಹೂಂ. ನಮ್ಮ ಮನೆಗಳಲ್ಲಿ ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಅಜ್ಜಿ ಕಥೆ ನಿಲ್ಲಿಸಿ ತಲೆದಿಂಬು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. ಅದೇ ಪದ್ಧತಿಯನ್ನು ಕೂಟಕ್ಕೂ ತಂದೆವು. ಮೊದಲ ಕೆಲವು ವಾರ ಎಲ್ಲರೂ ಹೂಂ ಹೇಳಿದರು. ಪೋಸ್ಟ್‌ಮ್ಯಾನರ ಅಭಿಮಾನಿಗಳು ಬೇರೆಯವರ ಕಥೆಗೆ ಬೇಕೆಂದೇ ಕೊನೆಯಿಲ್ಲದ ಹೂಂ ಎಳೆದರು. ಹೋಟೆಲಿನವರು ನಿದ್ದೆಯಲ್ಲಿಯೂ ಹೂಂ ಎಂದರು. ಕಥೆ ಮುಗಿದು ಚಹಾ ಬಂದ ಮೇಲೂ ಅವರ ಹೂಂ ನಿಂತಿರಲಿಲ್ಲ. ಕೊನೆಗೆ ಸಭೆ ಸೇರಿಸಿ ಒಂದು ತೀರ್ಮಾನ ಮಾಡಿದೆವು. ಒಂದೇ ಹೂಂ, ಒಂದೇ ಕುರ್ಚಿ. ಆ ಕುರ್ಚಿಯಲ್ಲಿ ಕುಳಿತವನು ಮಾತ್ರ ಹೂಂ ಕೊಡಬೇಕು. ಅವನಿಗೆ ಒಪ್ಪಿಗೆಯಾಗದ ಮಾತು ಬಂದರೆ ಸುಮ್ಮನಿರಬೇಕು. ಆಗ ಹೇಳುವವರು ನಾಲ್ಕು ಹೆಜ್ಜೆ ಹಿಂದೆ ಹೋಗಿ ಆ ಜಾಗವನ್ನು ಸರಿಪಡಿಸಿ ಹೇಳಬೇಕು. ಮೂರು ಸಲ ಹೂಂ ಸಿಗದಿದ್ದರೆ ಕಥೆ ಅಲ್ಲಿಗೆ ಬರಖಾಸ್ತು, ಹೇಳುವವರು ಇಳಿಯಬೇಕು.

ನನ್ನ ಗಂಟಲು ದೊಡ್ಡದೆಂದು ಆ ಕುರ್ಚಿಗೆ ನನ್ನನ್ನು ಕೂರಿಸಿದರು. ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಕುರ್ಚಿ ಸಿಕ್ಕ ಮೇಲೆ ಗಂಟಲಿಗಿಂತ ತಲೆ ದೊಡ್ಡದಾಯಿತು ಎಂದು ನಾನೇ ಒಪ್ಪಿಕೊಳ್ಳುತ್ತೇನೆ. ಭೂಗೋಳದ ಮಾಷ್ಟ್ರು ಬೇರೆ. ಪೋಸ್ಟ್‌ಮ್ಯಾನರ ಕಥೆಯಲ್ಲಿ ಒಬ್ಬ ಬೋಳಾರದಲ್ಲಿ ಊಟ ಮುಗಿಸಿ ನಡೆದು ಹೊರಟು ಸಂಜೆಯೊಳಗೆ ಮಡಿಕೇರಿ ತಲುಪಿದಾಗ ನಾನು ಬಾಯಿ ತೆರೆಯಲಿಲ್ಲ. ಪಾಪ, ಅವನಿಗೆ ದಾರಿಯಲ್ಲಿ ಒಂದು ಕುದುರೆ ಕೊಡಬೇಕಾಯಿತು. ಕುದುರೆಗೂ ನಾನು ಹೂಂ ಕೊಡಲಿಲ್ಲ. ಸಾಹೇಬರ ಅಜ್ಜನ ಪತ್ತೆಮಾರಿ ಆಷಾಢದಲ್ಲಿ ಬಂದರು ಬಿಟ್ಟಿತೆಂದಾಗಲೂ ಸುಮ್ಮನಿದ್ದೆ. ಸಾಹೇಬರು ನಕ್ಕು, "ಆಯ್ತು ಮಾರಾಯ, ಮಳೆ ನಿಂತ ಮೇಲೆಯೇ ಹೋದ್ರು ನನ್ನ ಅಜ್ಜ, ಈಗ ಹೂಂ ಹೇಳು" ಎಂದರು. ಜನ ನನ್ನನ್ನು ಹೂಂ ಮಾಷ್ಟ್ರು ಎಂದು ಕರೆಯತೊಡಗಿದರು. ನನ್ನಿಂದಾಗಿ ಕೂಟದ ಕಥೆಗಳು ಬಿಗಿಯಾದವು ಎಂದು ಅಧ್ಯಕ್ಷರು ಹೇಳಿದ್ದನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲೇ ಚಪ್ಪರಿಸಿದೆ.

ಉಡುಪಿ, ಪುತ್ತೂರು, ಕಾಸರಗೋಡಿನಲ್ಲೂ ನಮ್ಮಂಥ ಕೂಟಗಳು ಹುಟ್ಟಿಕೊಂಡವು. ವರ್ಷಕ್ಕೊಮ್ಮೆ ಎಲ್ಲರೂ ಒಂದು ಕಡೆ ಸೇರುವುದೆಂದಾಯಿತು. ಆ ದೊಡ್ಡ ಕೂಟಕ್ಕೆ ಕದ್ರಿಯ ಶಾಲೆಯವರು ತಮ್ಮ ದೊಡ್ಡ ಹಾಲ್ ಬಿಟ್ಟುಕೊಡುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಥೆ, ನಡುವೆ ಊಟ. ಅರವತ್ತೈದರ ಆಸುಪಾಸಿಗೆ ಅದಕ್ಕೆ ಊರಿಗೆ ಊರೇ ಬರುತ್ತಿತ್ತು ಎಂದರೆ ತಪ್ಪಲ್ಲ.

ಅಂಥ ಒಂದು ದೊಡ್ಡ ಕೂಟಕ್ಕೆ ತಿಂಗಳು ಇರುವಾಗ, ಅಂಗಡಿಯ ಮೆಟ್ಟಿಲ ಬುಡದಲ್ಲಿ ಒಬ್ಬ ಹೆಂಗಸು ನನ್ನನ್ನು ತಡೆದರು. ನಲವತ್ತು ಇರಬಹುದು. ಕಂಕುಳಲ್ಲಿ ಬಟ್ಟೆಯ ಕಟ್ಟು. ಸಾಹೇಬರ ಅಂಗಡಿಯಲ್ಲಿ ಮಾರುವ ಅಂಗಿಗಳಿಗೆ ಗುಂಡಿ ಹೊಲಿದು, ಕಾಜ ಹಾಕಿ ತಂದುಕೊಡುವವರು, ಕಂಕನಾಡಿಯ ಒಂದು ದರ್ಜಿ ಅಂಗಡಿಯಲ್ಲಿ ಕುಳಿತು ಹೊಲಿಯುವವರು ಎಂದಷ್ಟೇ ನನಗೆ ಗೊತ್ತಿತ್ತು. ಎಡಗೈಯನ್ನು ಯಾವಾಗಲೂ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು.

"ಮಾಷ್ಟ್ರೆ, ನನಗೊಂದು ಕಥೆ ಹೇಳ್ಲಿಕ್ಕುಂಟು" ಎಂದರು.

"ಅದಕ್ಕೆಂತ ಅಕ್ಕ, ಬರುವ ಆದಿತ್ಯವಾರ ಮೇಲೆ ಬನ್ನಿ."

"ಇಲ್ಲಿ ಬೇಡ. ಕದ್ರಿಯಲ್ಲಿ ಹೇಳ್ಬೇಕು. ಊರಿನವರೆಲ್ಲ ಇರುವಾಗ."

ಹೊಸಬರು ಮೊದಲ ಸಲಕ್ಕೇ ದೊಡ್ಡ ಕೂಟದಲ್ಲಿ ಹೇಳುವುದು ನಮ್ಮಲ್ಲಿ ರೂಢಿಯಿರಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. "ನನಗೆ ಶಾಲು ಬೇಡ, ಹಾರ ಬೇಡ. ಕಥೆ ಮುಗಿಯುವವರೆಗೆ ನೀವು ಹೂಂ ಕೊಡ್ಬೇಕು, ಅಷ್ಟೇ. ಒಂದು ಹೂಂ ತಪ್ಪಿದ್ರೂ ನಾನು ಹೇಳಿದ್ದು ದಂಡ" ಎಂದರು.

"ಹೂಂ ನನ್ನ ಅಪ್ಪನ ಮನೆಯ ಆಸ್ತಿಯಾ? ಕಥೆ ಸರಿ ಇದ್ರೆ ಸಿಗ್ತದೆ."

"ಕಥೆ ಸರಿ ಉಂಟು" ಎಂದರು. ಆ ಮಾತನ್ನು ಅವರು ಹೇಳಿದ ರೀತಿಗೇ ನಾನು ಎಚ್ಚರಗೊಳ್ಳಬೇಕಿತ್ತು. ಎಚ್ಚರಗೊಳ್ಳಲಿಲ್ಲ. ಸಾಹೇಬರೂ ಒತ್ತಾಯ ಮಾಡಿದ್ದರಿಂದ ಅಧ್ಯಕ್ಷರು ಊಟದ ನಂತರದ ಹೊತ್ತನ್ನು ಆಕೆಗೆ ಕೊಟ್ಟರು. ಊಟದ ನಂತರ ಅರ್ಧ ಜನ ತೂಕಡಿಸುತ್ತಾರೆ, ಹೊಸಬರು ಎಡವಿದರೂ ಯಾರಿಗೂ ಕಾಣುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಆ ದಿನ ಯಾರೂ ತೂಕಡಿಸಲಿಲ್ಲ. ಆಕೆ ವೇದಿಕೆಯ ಮೇಲೆ ನನ್ನ ಕುರ್ಚಿಯಿಂದ ಒಂದು ಮಾರು ದೂರದಲ್ಲಿ ನಿಂತರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. ಧ್ವನಿ ಸಣ್ಣದು, ಆದರೆ ಪ್ರತಿಯೊಂದು ಮಾತೂ ಕೊನೆಯ ಬೆಂಚಿನವರೆಗೆ ಹೋಗುತ್ತಿತ್ತು.

ಹೊಳೆಯ ಬದಿಯಲ್ಲಿ ಒಂದು ಮನೆ, ಎಂದು ಶುರು ಮಾಡಿದರು. ನಾನು ಹೂಂ ಎಂದೆ. ಆ ಮನೆಯಲ್ಲಿ ಒಬ್ಬ ತಾಯಿ, ಒಬ್ಬ ಮಗ, ಒಬ್ಬಳು ಮಗಳು. ಹೂಂ. ಮಗಳಿಗೆ ಹದಿನೇಳು ವರ್ಷ ಆಗುವಾಗ ಬೆನ್ನಿನ ಮೇಲೆ ಒಂದು ಮಚ್ಚೆ ಬಂತು, ಚಿವುಟಿದರೆ ಗೊತ್ತಾಗದ ಮಚ್ಚೆ. ಹೂಂ. ಅದು ದೊಡ್ಡ ರೋಗ ಎಂದು ತಿಳಿದ ಮೇಲೆ ಮುಂಜಾವದಲ್ಲಿ ಯಾರೂ ಏಳುವ ಮೊದಲು ಅಣ್ಣ ಅವಳನ್ನು ದೋಣಿಯಲ್ಲಿ ಕೂರಿಸಿ ದೂರದ ಆಸ್ಪತ್ರೆಗೆ ಬಿಟ್ಟು ಬಂದ. ಹೂಂ. ಎಂಟು ವರ್ಷ ಅವಳು ಅಲ್ಲಿದ್ದಳು. ಅಷ್ಟರಲ್ಲಿ ಹೊಸ ಗುಳಿಗೆ ಬಂತು, ರೋಗ ಹೋಯಿತು, ಇನ್ನು ಇವಳಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಡಾಕ್ಟರು ಮೊಹರು ಹಾಕಿ ಕಾಗದ ಕೊಟ್ಟರು. ಹೂಂ, ಹೂಂ. ನನ್ನ ಹೂಂ ತಾನಾಗಿ ಬರುತ್ತಿತ್ತು. ಇಷ್ಟು ಒಳ್ಳೆಯ ಕಥೆಗಾರ್ತಿಯನ್ನು ಇಷ್ಟು ದಿನ ಅಂಗಡಿಯ ಕೆಳಗೆ ನಿಲ್ಲಿಸಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು.

ಮಗಳು ಆ ಕಾಗದವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ನಡೆದೇ ಮನೆಗೆ ಬಂದಳು. ಹೂಂ. ಅಂಗಳದಲ್ಲಿ ನಿಂತು ಅಮ್ಮ ಎಂದಳು. ಹೂಂ. ತಾಯಿ ಹೊರಗೆ ಬಂದರು. ಕಾಲಿನಿಂದ ತಲೆಯವರೆಗೆ ನೋಡಿದರು. ಯಾರು ನೀನು, ಎಲ್ಲಿಂದ ಬಂದದ್ದು, ಎಂದು ಕೇಳಿದರು. ಈ ಮನೆಯ ಮಗಳು ತೀರಿಹೋಗಿ ಆರು ವರ್ಷ ಆಯಿತು, ಅವಳ ಬೊಜ್ಜ ಮಾಡಿ ಊರಿಗೆಲ್ಲ ಊಟ ಹಾಕಿ ಆಗಿದೆ, ಎಂದರು. ಮತ್ತೆ ಜಗಲಿಯಲ್ಲಿ ಒಂದು ಎಲೆ ಹಾಕಿ ಗಂಜಿ ಬಡಿಸಿದರು. ದಾರಿಯಲ್ಲಿ ಹೋಗುವವರಿಗೆ ಬಡಿಸುವ ಹಾಗೆ. ಅವಳು ಉಂಡು ಮುಗಿಸುವವರೆಗೆ ಅಲ್ಲೇ ನಿಂತಿದ್ದರು. ಹೊರಗಿನವರು ಉಂಡ ಎಲೆಯನ್ನು ಉಂಡವರೇ ಎತ್ತಬೇಕು. ಆದರೆ ಆ ಎಲೆಯನ್ನು ತಾಯಿಯೇ ಎತ್ತಿದರು.

ನಾನು ಹೂಂ ಎನ್ನಲಿಲ್ಲ.

ಬೊಜ್ಜ ಎಂದರೆ ನಮ್ಮ ತುಳು ಮನೆಗಳಲ್ಲಿ ಸತ್ತವರಿಗೆ ಮಾಡುವ ಉತ್ತರಕ್ರಿಯೆ. ಬದುಕಿರುವ ಮಗಳಿಗೆ ಬೊಜ್ಜ ಮಾಡಿದರು ಎನ್ನುವುದನ್ನು ನಾನು ನಂಬುತ್ತಿದ್ದೆನೋ ಏನೋ. ಅಣ್ಣ ಮಾಡಿಸಿರಬಹುದು, ಊರಿನ ಬಾಯಿಗೆ ಹೆದರಿರಬಹುದು. ಆದರೆ ಹೆತ್ತ ತಾಯಿ ಹಗಲಿನಲ್ಲಿ ಮಗಳ ಮುಖ ನೋಡಿ ಯಾರು ನೀನು ಎಂದು ಕೇಳುವುದು ನನಗೆ ಒಪ್ಪಿಗೆಯಾಗಲಿಲ್ಲ. ನನ್ನ ತಾಯಿ ನೆನಪಾದರು. ಅಂಥದ್ದು ಲೋಕದಲ್ಲಿ ಉಂಟೇ? ಕಥೆ ಇಲ್ಲಿ ತಪ್ಪಿತು ಎಂದು ಮಡಿಕೇರಿಯ ದಾರಿ ತಪ್ಪಿಸಿದವರಿಗೆ ತೋರಿಸಿದ ಮುಖವನ್ನೇ ಆಕೆಗೂ ತೋರಿಸಿದೆ.

ಆಕೆ ಕಾದರು. ಹೂಂ ಬರಲಿಲ್ಲ. ಹಿಂದೆ ಹೋಗಿ, ಅಂಗಳದಲ್ಲಿ ಮಗಳು ನಿಂತಲ್ಲಿಂದ ಮತ್ತೆ ಹೇಳಿದರು. ಒಂದು ಅಕ್ಷರ ಬದಲಿಸಲಿಲ್ಲ. ಅದೇ ನೋಟ, ಅದೇ ಪ್ರಶ್ನೆ, ಅದೇ ಎಲೆ. ನನಗೆ ಸಿಟ್ಟು ಬಂತು. ಸರಿಪಡಿಸಿ ಹೇಳಿ ಎಂದರೆ ಇವರು ನನ್ನನ್ನೇ ಪರೀಕ್ಷೆ ಮಾಡುತ್ತಿದ್ದಾರೆ ಎನಿಸಿತು. ಎರಡನೆಯ ಸಲವೂ ಬಾಯಿ ಮುಚ್ಚಿಕೊಂಡೆ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ನನ್ನ ಕಡೆ ನೋಡಿ ತಲೆಯಾಡಿಸಿದರು. "ಮಾಷ್ಟ್ರು ಹೇಳುವುದು ಸರಿ, ಯಾವ ತಾಯಿಯೂ ಹಾಗೆ ಮಾಡ್ಲಿಕ್ಕಿಲ್ಲ" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿ ನನಗೆ ಇನ್ನಷ್ಟು ಧೈರ್ಯ ಬಂತು.

ಆಗ ಹೆಂಗಸರ ಬೆಂಚಿನಿಂದ ಒಂದು ಹೂಂ ಬಂತು.

ಮುದಿ ಧ್ವನಿ. ದೊಡ್ಡದಲ್ಲ, ಆದರೆ ಇಡೀ ಸಭೆ ಸುಮ್ಮನಿದ್ದುದರಿಂದ ಎಲ್ಲರಿಗೂ ಕೇಳಿತು. ತಿರುಗಿ ನೋಡಿದೆ. ಬೋಳಾರದಲ್ಲಿ ನಮ್ಮ ಕೂಟಕ್ಕೆ ಒಂದು ವಾರವೂ ತಪ್ಪಿಸದ ಹಿರಿಯ ಹೆಂಗಸೊಬ್ಬರು ಇದ್ದರು. ಬಿಳಿ ಸೀರೆ, ಕೈಯಲ್ಲಿ ಸಣ್ಣ ಚೀಲ. ಯಾರೊಡನೆಯೂ ಹೆಚ್ಚು ಮಾತಿಲ್ಲ, ಕಥೆ ಮುಗಿದ ಕೂಡಲೇ ಎದ್ದು ಹೋಗುವವರು. ಆ ಹೂಂ ಅವರದ್ದು. ಎದ್ದು ನಿಂತಿದ್ದರು. ನಿಂತು, ವೇದಿಕೆಯ ಮೇಲಿದ್ದ ಆಕೆಯನ್ನೇ ನೋಡುತ್ತ ಇನ್ನೊಮ್ಮೆ ಹೂಂ ಎಂದರು.

ನನ್ನ ಅಧಿಕಾರಕ್ಕೆ ಕೈ ಹಾಕಿದಂತಾಯಿತು ನನಗೆ. ನಾನು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯುತ್ತೇನೆ.

"ಅಮ್ಮ, ಹಾಗೆ ಎಲ್ಲರೂ ಹೂಂ ಹೇಳ್ಲಿಕ್ಕಿಲ್ಲ. ಹೂಂ ಹೇಳ್ಲಿಕ್ಕೆ ಇಲ್ಲಿ ಕುರ್ಚಿ ಉಂಟು. ನೀವು ಕೂತ್ಕೊಳ್ಳಿ" ಎಂದೆ.

ಜನ ನಕ್ಕರು. ಪುತ್ತೂರಿನವರು, ಉಡುಪಿಯವರು, ನಮ್ಮವರು, ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಸಭೆಯಲ್ಲಿ ಮುದುಕರು ಏನಾದರೂ ಅಂದಾಗ ನಗುವ ನಗು. ಆ ಹಿರಿಯರು ಒಂದು ಕ್ಷಣ ನಿಂತರು. ಮತ್ತೆ ಚೀಲವನ್ನು ಎದೆಗೆ ಒತ್ತಿಕೊಂಡು ಕುಳಿತರು. ತಲೆ ಕೆಳಗೆ ಹಾಕಿದರು.

ವೇದಿಕೆಯ ಮೇಲೆ ಆಕೆ ಹೆಂಗಸರ ಬೆಂಚನ್ನೇ ನೋಡುತ್ತಿದ್ದರು. ನಾನು ಮೂರನೆಯ ಸಲಕ್ಕೆ ಕಾದಿದ್ದೆ. ಆಮೇಲೆ ಆಕೆ ಹೇಳಿದರು. ಮಗಳು ಅಂಗಳದಲ್ಲಿ ನಿಂತು ಅಮ್ಮ ಎಂದಳು. ತಾಯಿ ಹೊರಗೆ ಬಂದರು. ಆದರೆ ಮಗಳಿಗಾಗಿ ಅತ್ತು ಅತ್ತು ತಾಯಿಯ ಕಣ್ಣು ಹೋಗಿತ್ತು. ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಅದಕ್ಕೇ ಯಾರು ನೀನು ಎಂದು ಕೇಳಿದರು. ಮಗಳು ದಾರಿಯಲ್ಲಿ ಹೋಗುವವಳು ಎಂದಷ್ಟೇ ಹೇಳಿ, ಗಂಜಿ ಉಂಡು, ತಾಯಿಯ ಕಾಲು ಮುಟ್ಟಿ ಹೊರಟುಹೋದಳು.

ನಾನು ಹೂಂ ಎಂದೆ. ಎಂಥ ಹೂಂ! ನನ್ನ ಗಂಟಲಿನಿಂದ ಅಷ್ಟು ತುಂಬಿದ ಹೂಂ ಹಿಂದೆ ಬಂದಿರಲಿಲ್ಲ. ಜನ ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಲ್ಲಲಿಲ್ಲ. ಕಾಸರಗೋಡಿನವರೊಬ್ಬರು ಬಂದು ನನ್ನ ಕೈ ಹಿಡಿದು, ಕಥೆಯನ್ನು ದಾರಿಗೆ ತಂದವರು ನೀವು ಎಂದರು. ನಾನು ಉಬ್ಬಿಹೋದೆ. ಅಧ್ಯಕ್ಷರು ಶಾಲು ಹಿಡಿದು ಹುಡುಕುವಾಗ ಆಕೆ ಅಲ್ಲಿರಲಿಲ್ಲ. ಹೆಂಗಸರ ಬೆಂಚಿನ ಆ ಮೂಲೆಯೂ ಖಾಲಿಯಾಗಿತ್ತು.

ಬೆಂಚುಗಳನ್ನು ಗೋಡೆಗೆ ಸರಿಸುತ್ತಿದ್ದಾಗ ಸಾಹೇಬರು ಬಂದರು. ಯಾವಾಗಲೂ ನಗುವ ಮನುಷ್ಯ. ಆ ದಿನ ನಗಲಿಲ್ಲ.

"ಎಂತ ಮಾಡಿದ್ದು ಮಾರಾಯ ನೀನು?" ಎಂದರು. "ಎಂತ ಮಾಡಿದ್ದು?"

"ಯಾಕೆ ಸಾಹೇಬ್ರೆ, ಕಥೆ ಚಂದ ಆಯ್ತಲ್ಲ?"

"ಅದು ಕಥೆ ಅಲ್ಲ. ಅದು ಅವಳದ್ದೇ. ನೀನು ಕೂತ್ಕೊಳ್ಳಿ ಅಂದೆಯಲ್ಲ, ಅದು ಅವಳ ಅಮ್ಮ."

ನನ್ನ ಕೈಯಲ್ಲಿದ್ದ ಬೆಂಚು ಕಾಲಿನ ಮೇಲೆ ಬಿತ್ತು. ನೋವು ಗೊತ್ತಾಗಲಿಲ್ಲ. ಸಾಹೇಬರು ಒಂದೊಂದಾಗಿ ಹೇಳಿದರು. ಆಕೆ ವಾರವಾರ ಗುಂಡಿಯ ಕೆಲಸ ತಂದುಕೊಡುವಾಗ ತನ್ನ ತಾಯಿ ನಮ್ಮ ಮೆಟ್ಟಿಲು ಹತ್ತುವುದನ್ನು ನೋಡಿದ್ದರಂತೆ. ಅಂಗಡಿಯ ಬಟ್ಟೆಯ ಸಾಲಿನ ಹಿಂದೆ ನಿಂತು, ತಾಯಿ ಕೆಳಗೆ ಇಳಿದು ಹೋಗುವವರೆಗೆ ನೋಡುತ್ತಿದ್ದರಂತೆ. ಊರಿಗೆಲ್ಲ ಊಟ ಹಾಕಿ ನನ್ನನ್ನು ಸಾಯಿಸಿದ್ದು, ಬದುಕಿದ್ದೇನೆ ಎಂಬುದೂ ಊರಿನ ಎದುರೇ ಆಗಬೇಕು, ಅದಕ್ಕೆ ಮಾಷ್ಟ್ರ ಹೂಂ ಬೇಕು, ಅಮ್ಮನೂ ಒಂದು ಹೂಂ ಹೇಳಿದರೆ ಮತ್ತೇನೂ ಬೇಡ ಎಂದು ಸಾಹೇಬರಲ್ಲಿ ಹೇಳಿದ್ದರಂತೆ. ಸಾಹೇಬರಿಗೆ ಎಲ್ಲ ಗೊತ್ತಿತ್ತು. ನನಗೆ ಹೇಳಬಾರದೆಂದು ಆಕೆ ಮಾತು ತೆಗೆದುಕೊಂಡಿದ್ದರು. ಗೊತ್ತಿದ್ದು ಕೊಟ್ಟ ಹೂಂ ಬೇಡ ಎಂದಿದ್ದರಂತೆ.

ತಾಯಿ ಹೂಂ ಹೇಳಿದ್ದರು. ಮಗಳನ್ನು ಜಗಲಿಯಿಂದ ಕಳುಹಿಸಿದ ಹದಿನೈದು ವರ್ಷಗಳ ಮೇಲೆ, ಮಗನಿಗೆ ಹೆದರದೆ, ಊರಿನ ಎದುರು ಎದ್ದು ನಿಂತು, ಒಂದಲ್ಲ ಎರಡು ಸಲ ಹೇಳಿದ್ದರು. ಹೌದು, ನಾನೇ ಆ ತಾಯಿ, ನಾನೇ ಮುಖ ನೋಡಿ ಯಾರು ನೀನು ಎಂದು ಕೇಳಿದ್ದು, ಎಂದು ಒಪ್ಪಿಕೊಂಡಿದ್ದರು. ನಾನು ಕುರ್ಚಿಯಿಂದ ಅದನ್ನು ನಿಯಮಕ್ಕೆ ವಿರುದ್ಧ ಎಂದು ಹೇಳಿ ಕೂರಿಸಿದೆ! ಎಂಥ ದುಷ್ಟನೂ ಬೇಕೆಂದೇ ಹೀಗೆ ಮಾಡಲಾರ. ಇದಕ್ಕೆ ನನ್ನಂಥ ಶಿಸ್ತಿನ ಮನುಷ್ಯನೇ ಬೇಕಿತ್ತು.

ಮರುದಿನ ಶಾಲೆ ಬಿಟ್ಟ ಕೂಡಲೇ ಕಂಕನಾಡಿಗೆ ಹೋದೆ. ದರ್ಜಿಯ ಅಂಗಡಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿತ್ತು. ಒಳಗೆ ಒಂದು ಮಿಷನ್, ಹೊರಗೆ ಜಗಲಿಯಲ್ಲಿ ಚಾಪೆ. ಆಕೆ ಅಲ್ಲಿ ಕುಳಿತು ಅಂಗಿಗೆ ಗುಂಡಿ ಹಾಕುತ್ತಿದ್ದರು. ಎಡಗೈ ಸೆರಗಿನ ಹೊರಗಿತ್ತು. ಕೊನೆಯ ಎರಡು ಬೆರಳುಗಳು ಒಳಕ್ಕೆ ಮಡಚಿದ್ದವು. ಬಟ್ಟೆಯನ್ನು ಆ ಮಡಚಿದ ಬೆರಳುಗಳ ನಡುವೆಯೇ ಸಿಕ್ಕಿಸಿ ಹಿಡಿದುಕೊಂಡಿದ್ದರು.

ನಾನು ನಿಂತಲ್ಲೇ ಏನೇನೋ ತೊದಲಿದೆ. ಗೊತ್ತಿರಲಿಲ್ಲ ಎಂದೆ. ಕ್ಷಮಿಸಿ ಎಂದೆ. ಆಕೆ ತಲೆಯೆತ್ತಿ, "ಕೂತ್ಕೊಳ್ಳಿ ಮಾಷ್ಟ್ರೆ" ಎಂದರು. ನನ್ನದೇ ಮಾತು ನನ್ನ ಕಪಾಳಕ್ಕೆ ಬಿದ್ದಂತಾಯಿತು. ಆದರೆ ಅವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಚಾಪೆಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದರು.

"ಮೂರನೇ ಸಲವೂ ಹಾಗೆಯೇ ಹೇಳ್ಬೇಕು ಅಂತಲೇ ಇತ್ತು ನನಗೆ" ಎಂದರು. "ನೀವು ಇಳಿಸಿದ್ರೂ ಅಡ್ಡಿಯಿಲ್ಲ. ಅಮ್ಮನ ಹೂಂ ಸಿಕ್ಕಿ ಆಗಿತ್ತು."

"ಮತ್ತೆ ಯಾಕೆ ಬದಲಿಸಿದ್ರಿ ಅಕ್ಕ?"

"ಜನ ನಕ್ಕರಲ್ಲ, ಮಾಷ್ಟ್ರೆ. ಅಮ್ಮ ತಲೆ ಕೆಳಗೆ ಹಾಕಿದ್ರು. ನೋಡ್ಲಿಕ್ಕೆ ಆಗ್ಲಿಲ್ಲ ನನಗೆ."

ನಾನು ಎಣಿಸಿದ್ದು, ಹೂಂ ಸಿಗಲೆಂದು ಆಕೆ ಕಥೆ ತಿದ್ದಿದರು ಎಂದು. ಅಮ್ಮನ ಹೂಂ ಸಿಕ್ಕಿದ ಮೇಲೆ ನನ್ನ ಕುರ್ಚಿ ಆಕೆಗೆ ಲೆಕ್ಕಕ್ಕೇ ಇರಲಿಲ್ಲ. ತನ್ನನ್ನು ಸತ್ತವಳೆಂದು ಹೇಳಿದ ತಾಯಿಯನ್ನು ಜನರ ನಗುವಿನಿಂದ ಪಾರುಮಾಡಲು, ತನ್ನ ಹದಿನೈದು ವರ್ಷಗಳನ್ನು ಆ ನಿಮಿಷದಲ್ಲಿ ಬಿಟ್ಟುಕೊಟ್ಟಿದ್ದರು. "ನಾನು ಅಮ್ಮನ ಹತ್ತಿರ ಹೋಗಿ ಮಾತಾಡ್ಲಾ?" ಎಂದು ಕೇಳಿದೆ. ಆಕೆ ಬೇಡ ಎನ್ನಲಿಲ್ಲ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತ, "ಅಮ್ಮ ಒಬ್ರೇ ಇರುವಾಗ ಹೋಗಿ" ಎಂದರು. ದಾರ ಎರಡು ಸಲ ತಪ್ಪಿತು.

ಶನಿವಾರ ಶಾಲೆ ಅರ್ಧ ದಿನ. ಬೋಳಾರದ ಹೊಳೆಬದಿಗೆ ನಡೆದೆ. ಮಗ ಕೆಲಸಕ್ಕೆ ಹೋಗಿರುವ ಹೊತ್ತು ಎಂದು ಸಾಹೇಬರು ಹೇಳಿದ್ದರು. ಹಿರಿಯರು ಜಗಲಿಯಲ್ಲಿ ಕಾಲು ಚಾಚಿ ಕುಳಿತು ಗೆರಸೆಯಲ್ಲಿ ಕುಚ್ಚಲಕ್ಕಿ ಆರಿಸುತ್ತಿದ್ದರು. ಆಕೆ ಕಥೆಯಲ್ಲಿ ಹೇಳಿದ ಜಗಲಿ ಅದೇ ಎಂದು ನೆನಪಾಗಿ ನನ್ನ ಕಾಲು ಅಂಗಳದಲ್ಲಿಯೇ ನಿಂತಿತು. ಇಲ್ಲಿಯೇ, ನಾನು ನಿಂತಲ್ಲಿಯೇ, ಆಕೆ ಕಾಗದ ಇಟ್ಟುಕೊಂಡು ನಿಂತಿದ್ದು. ಒಳಗೆ ಯಾರೋ ಪಾತ್ರೆ ತೊಳೆಯುವ ಸದ್ದು. ಸೊಸೆ ಇರಬೇಕು.

"ಅಮ್ಮ, ನಾನು ಕೂಟದ ಮಾಷ್ಟ್ರು" ಎಂದೆ. ಅವರು ತಲೆ ಎತ್ತಲಿಲ್ಲ. ಬೆರಳುಗಳು ಅಕ್ಕಿಯ ಮೇಲೆ ಓಡಾಡುತ್ತಿದ್ದವು.

"ಆ ದಿನ ನೀವು ಹೇಳಿದ ಹೂಂ ಸರಿ. ತಪ್ಪು ಮಾಡಿದ್ದು ನಾನು. ನಿಮ್ಮ ಮಗಳು ಕಂಕನಾಡಿಯಲ್ಲಿ ಇದ್ದಾರೆ. ಗುಣ ಆಗಿ ಎಷ್ಟೋ ವರ್ಷ ಆಯ್ತು. ನೀವು ಒಮ್ಮೆ ಬನ್ನಿ, ನಾನೇ ಕರ್ಕೊಂಡು ಹೋಗ್ತೇನೆ."

ಬೆರಳು ನಿಂತಿತು. ಒಳಗಿನ ಪಾತ್ರೆಯ ಸದ್ದೂ ನಿಂತಿತು. ಅವರು ನಿಧಾನವಾಗಿ ಮುಖ ಎತ್ತಿದರು. ನನ್ನ ಕಣ್ಣನ್ನೇ ನೇರವಾಗಿ ನೋಡಿದರು. ಆ ನೋಟದಲ್ಲಿ ಎಲ್ಲವೂ ಇತ್ತು, ನನಗೆ ಸಂಶಯವಿಲ್ಲ. ಆಮೇಲೆ ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ನನ್ನ ಭುಜದ ಆಚೆ ಎಲ್ಲಿಯೋ ಇಟ್ಟರು.

"ಯಾರು ಮಾತಾಡುವುದು?" ಎಂದರು. "ನನಗೆ ಕಣ್ಣು ಕಾಣುವುದಿಲ್ಲ ಮಗ."

ಅವರ ಕೈ ಮತ್ತೆ ಗೆರಸೆಗೆ ಹೋಯಿತು. ಅಕ್ಕಿಯ ನಡುವೆ ಒಂದು ಭತ್ತದ ಕಾಳು ಇತ್ತು. ಅದನ್ನು ಎರಡು ಬೆರಳಿನಲ್ಲಿ ಹೆಕ್ಕಿ ಅಂಗಳಕ್ಕೆ ಎಸೆದರು. ಆಮೇಲೆ ಒಳಗಿನವರಿಗೆ ಕೇಳದ ಹಾಗೆ ತೀರಾ ಸಣ್ಣ ಧ್ವನಿಯಲ್ಲಿ, "ಅವಳಿಗೆ ಹೇಳು. ಅಮ್ಮನಿಗೆ ಕಣ್ಣು ಕಾಣುವುದಿಲ್ಲ, ಅದಕ್ಕೇ ಗುರುತು ಸಿಕ್ಕಲಿಲ್ಲ ಅಂತ ಹೇಳು" ಎಂದರು.

ಆ ಸುಳ್ಳು ಹುಟ್ಟಿದ್ದು ನನ್ನ ಕುರ್ಚಿಯ ಎದುರು. ಸತ್ಯ ಹೇಳಿ ನಗೆಪಾಟಲಾದವರಿಗೆ ಊರ ಮುಂದೆಯೇ ಒಂದು ಒಳ್ಳೆಯ ಸುಳ್ಳು ಸಿಕ್ಕಿತ್ತು. ಅದಕ್ಕೆ ಚಪ್ಪಾಳೆಯೂ ಬಿದ್ದಿತ್ತು. ಅದರೊಳಗೆ ಹೋಗಿ ಕುಳಿತವರನ್ನು ಎಳೆದು ಹೊರಗೆ ತರಲು ನನಗೆ ಯಾವ ಮುಖ? ಕೈ ಮುಗಿದು ಬಂದುಬಿಟ್ಟೆ. ಕೂಟದವರು ಎಷ್ಟು ಕರೆದರೂ ಆಮೇಲೆ ನಾನು ಆ ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ.

ಅಲ್ಲಿಂದ ನೇರ ಕಂಕನಾಡಿಗೆ ಹೋದೆ. ದಾರಿಯುದ್ದಕ್ಕೂ ಏನಾದರೂ ಬದಲಿಸಿ ಹೇಳಲೇ ಎಂದು ಯೋಚಿಸಿದೆ. ಅಮ್ಮ ಸಿಗಲಿಲ್ಲ, ಬಾಗಿಲು ಹಾಕಿತ್ತು ಎನ್ನಲೇ ಎಂದುಕೊಂಡೆ. ಆದರೆ ಜಗಲಿಯಲ್ಲಿ ಆಕೆ ಕೈಯಲ್ಲಿದ್ದ ಅಂಗಿಯನ್ನು ತೊಡೆಯ ಮೇಲೆ ಇಟ್ಟು ನನ್ನನ್ನೇ ಕಾಯುತ್ತಿದ್ದುದನ್ನು ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ತಾಯಿ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ.

ಆಕೆ ತೊಡೆಯ ಮೇಲಿದ್ದ ಅಂಗಿಯನ್ನು ಕೈಗೆ ತೆಗೆದುಕೊಂಡರು.

"ನೀವು ಹೋಗುವಾಗ ಅಮ್ಮ ಎಂತ ಮಾಡ್ತಾ ಇದ್ರು?" ಎಂದು ಕೇಳಿದರು.

"ಅಕ್ಕಿ ಆರಿಸ್ತಾ ಇದ್ರು."

ಆಕೆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡರು. ಒಳಗೆ ದರ್ಜಿ ಮಿಷನ್ ನಿಲ್ಲಿಸಿ ಹೊರಗೆ ಬಂದು ನೋಡಿದ. ನಾನು ಚಪ್ಪಲಿ ಹಾಕಿಕೊಳ್ಳದೆ ಅಲ್ಲಿಯೇ ನಿಂತಿದ್ದೆ.